ಹಿಡಿದವರು: ದಾ. ನದಾಫ

ನಮ್ಮಪ್ಪ ಧಾರವಾಡದ ಓಣಿ ಓಣಿ ತಿರಗಿ
ಹತ್ತಿ ಹಿಂಜತಿದ್ದ. ಬಿಲ್ಲಿನ ಹೆದಿ ಝುಂಯ್ ಅಂದ್ರ
ಹಳೇ ಗಾದಿಯೊಳಗಿನ ಗಂಟು ಬಿಚ್ಚಿ ಮುಗಿಲಾಗತಿತ್ತು.
ನಾನೂ ಹತ್ತಿ ಹಾಸಿದವನ.
ಕಾಲೇಜಿನ ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿನಾಗ,
ಮೂವತ್ತಾರು ವರ್ಷ, ಗಾಜಿನ ಪೆಟಗಿಯೊಳಗ.
ಅಪ್ಪನ ಗಾದಿ ಮ್ಯಾಲ ಮಲಗಿದವರು
ಮುಂಜಾನೆ ಎದ್ದು ಚಾ ಕೇಳತಿದ್ರು.

ಹೊಂಬಳ ಮೇಡಂ ಕಲಿಸಿದ್ದು:
ರೆಕ್ಕಿ ಮುಟ್ಟಬ್ಯಾಡ, ಬಣ್ಣದ ಹಿಟ್ಟು ಬೆರಳಿಗೆ ಬರತೈತಿ.
ರೆಕ್ಕಿ ಮ್ಯಾಲ ಮಾಡಿ ಕೂಡಿಸು, ಎದಿ ಹಿಡಿ.
ಹೆಬ್ಬಟ್ಟು, ತೋರಬಟ್ಟು, ಒಂದ ಸಲ ಹಿಚುಕು.
ಮಲ್ಲಿಗಿ ಮೊಗ್ಗು ಮುರಿದಷ್ಟೂ ಸಪ್ಪಳಿಲ್ಲ.
ಗಂಡೊಂದು, ಹೆಣ್ಣೊಂದು. ಮೂರನೇದಕ್ಕ ಕೈ ಹಾಕಿದ್ರ
ಅದು ವಿಜ್ಞಾನ ಅಲ್ಲ ನದಾಫ, ಚಟ.

ಆಮ್ಯಾಲ ಚೀಟಿ. ರಾಗಿಕಾಳಿನಂಥಾ ಅಕ್ಷರ:
ಕಪ್ಪತಗುಡ್ಡ, ಡೋಣಿ ಕಡೆ ಇಳಿಜಾರು,
೧೪ ಸಪ್ಟೆಂಬರ್ ೧೯೮೧, ಹಿಡಿದವರು ಇಂಥವರು.
ಪಾತರಗಿತ್ತಿ ಕೆಳಗ, ಅದ ಸೂಜಿಗೆ ಪೋಣಿಸಬೇಕು.
ಚೀಟಿ ಇದ್ರ ಸಾಕ್ಷಿ,
ಇಲ್ಲಂದ್ರ ಬರೇ ಹೆಣ.

ಬಲಗಡೆ ಕಪಾಟಿನ ಕೆಳಗಿನ ಖಾನೆ ತಗದು ತೋರಸಲೇನು?
ಯಾರೋ ಸಾಹೇಬರು ದಾನ ಕೊಟ್ಟದ್ದು. ನೀಲಿ, ನೀಲಿ, ನೀಲಿ,
ಅರವತ್ನಾಲ್ಕು. ರಂಗೋಲಿಯಂಗ ದುಂಡಗ ಜೋಡಿಸ್ಯಾರ.
ಎಲ್ಲಿಂದ, ಯಾವಾಗ, ಯಾವ ಗಿಡದ ಮ್ಯಾಲ,
ಒಂದರದ್ದೂ ಗೊತ್ತಿಲ್ಲ.
ಸಾಲಿ ಹುಡುಗ್ರು ಬಂದ್ರ ಅಲ್ಲೇ ನಿಂತು ಹೋ ಅಂತಾರ.
ನುಸಿಗುಳಿಗಿ ನಾ ಅದಕ್ಕೂ ಹಾಕೀನಿ.

ರಿಟೈರ್ ಆದ್ರೂ ಹತ್ತಿ ಬದಲಸಾಕ ಕರೀತಾರ.
ಹ್ವಾದ ತಿಂಗಳು ಅಂಕಿತಾ ಬಾರಕೇರ ಬಂದ್ಲು, ಹೆಗಲಿಗೆ ಕ್ಯಾಮೆರಾ.
"ನಾವೀಗ ಕೊಲ್ಲೂದಿಲ್ಲರೀ ಕಾಕಾ, ಫೋಟೋ ಅಷ್ಟ."
ಖುಷಿ ಆತು. ಸ್ವಲ್ಪ ಸಿಟ್ಟೂ ಬಂತು.
ಮತ್ತ ತಾನ ಬಾಗಿ, ಸಣ್ಣ ದನಿಲೆ,
"ಇವೆರಡು ಫೋಟೋದಾಗ ಒಂದ ಥರಾ ಕಾಣತಾವ,
ಒಂದನೋ ಬ್ಯಾರೆನೋ ತಿಳೀಬೇಕಂದ್ರ
ನಿಮ್ಮದರದ್ದೊಂದು ಕಾಲು ಬೇಕಾಗಿತ್ತು."
ಕೊಟ್ಟೆ. ಚಿಮಟಿಗೆ ಬಂದದ್ದು ರೆಪ್ಪಿಕೂದಲಷ್ಟು.
ನಲವತ್ತು ವರ್ಷದ ಹಿಂದ ಸತ್ತದ್ದು
ಇನ್ನೂ ಏನೋ ಹೇಳತೈತಂತ.

ಆಮ್ಯಾಲ ವಹಿ ತಗದ್ಲು. ನನ್ನ ಕೈಬರಹದ ಮ್ಯಾಲ ಬೆರಳಿಟ್ಟು,
"ತತ್ತಿ ಹನ್ನೊಂದು. ಇದೇನ್ರಿ?"

ಮೂರನೇದದು, ಮಗಳ.
ಮೇಡಂ ಮುಂದ ಹ್ವಾದಾಗ ಹಿಡದದ್ದು. ಚಂದನೂ ಇರಲಿಲ್ಲ,
ಒಣ ಎಲಿ ಬಣ್ಣ, ಎಂಟಾಣೆಯಷ್ಟು ಅಗಲ.
ಯಾಕ ಹಿಡದೆ? ಕೈಯಾಗ ಜಾಳಿಗಿ ಇತ್ತು.
ಪೇಪರಿನ ಮುಕ್ಕೋನದಾಗ ಮಡಚಿ ಕಿಸೆದಾಗ ಇಟ್ಟೆ.
ಮುಂಡರಗಿ ಬಸ್ಸು, ಗದಗ ಸ್ಟ್ಯಾಂಡಿನ ಮಿರ್ಚಿ, ರಾತ್ರಿ ಧಾರವಾಡ.
ಬಿಚ್ಚಿ ನೋಡಿದ್ರ, ಹುಬ್ಬಳ್ಳಿ ಪ್ಯಾಟಿ ಹತ್ತಿ ದರದ ಮ್ಯಾಲ
ಗಸಗಸಿಯಂಥಾ ಹನ್ನೊಂದು ತತ್ತಿ, ಸಾಲ ಹಿಡದು.
ಹಿಚುಕಿದ ಮ್ಯಾಲ ಇಟ್ಟದ್ದು.

ಅದರ ಗಿಡ ಯಾವುದಂತ ನನಗ ತಿಳೀಲಿಲ್ಲ.
ಕರಿಬೇವು, ದಾಸಾಳ, ಲಿಂಬಿ, ಸಿಕ್ಕ ಸಿಕ್ಕ ಎಲಿ ತಂದಿಟ್ಟೆ.
ಐದನೇ ದಿನ ಹುಳ ಹೊರಗ ಬಂದ್ವು, ನೂಲಿನ ತುಂಡಿನಂಗ.
ತಿನ್ನಲಿಲ್ಲ.
ಅಷ್ಟು ವಹಿಯೊಳಗ ಬರದಿಲ್ಲ.

ಆಕಿ ಕಣ್ಣು ಅರಳಿದ್ವು. "ಕಾಕಾ, ನಮ್ಮ ದಾಖಲೆದಾಗ
ಇದರ ತತ್ತಿ ಕಂಡೋರು ನೀವೊಬ್ರ!"
ಗಡಬಡಿಸಿ ಬರಕೊಂಡ್ಲು.
ನಾ ಪೆಟಗಿ ಎತ್ತಿ ಬೆಳಕಿಗೆ ಹಿಡದೆ.
ಅದರ ಎದಿ ದಾಟಿದ ಸೂಜಿ
ಕೆಳಗ ನನ್ನ ಹೆಸರನ್ನೂ ದಾಟೇತಿ,
ನದಾಫದೊಳಗಿನ ದಾ ಇದ್ದಲ್ಲಿ ತೂತು.
ಇಷ್ಟು ವರ್ಷ ಕಂಡಿರಲಿಲ್ಲೋ,
ನೋಡಿರಲಿಲ್ಲೋ.

"ಗುಡ್ಡದಾಗ ಈಗ ಗಾಳಿಪಂಖಾ ತಿರಗತಾವ,
ಇನ್ನೂ ಐತೋ ಇಲ್ಲೋ ನೋಡಬೇಕು. ಸಿಕ್ರ
ಒಂದ ಜೋಡಿ ತರಬೇಕಾಗಬಹುದು.
ದಾರಿ ತೋರಸ್ತೀರೇನ್ರಿ?"

ತೋರಸ್ತೀನಿ. ಜಾಳಿಗಿನೂ ಹೊರತೀನಿ.
ಬೆರಳು ಮಾತ್ರ ನಿಂದಿರಲಿ.
ಎರಡಕ್ಕ ನಿಂದ್ರು.
ಚೀಟಿ ಮ್ಯಾಲ ನಿನ್ನ ಹೆಸರು
ನಾಕು ಮಂದಿ ಓದೂವಂಗ ಬರಿ.