ನಿಲ್ಲಿ, ಮಕ್ಕಳು

ಬರಲು ಮನಸ್ಸಿರಲಿಲ್ಲ.
ಔಷಧಿ ಅಂಗಡಿಯ ಕರ್ಸ್ಟಿ ಬಿಡಲಿಲ್ಲ;
ರಕ್ತದೊತ್ತಡದ ಮಾತ್ರೆಯ ಜೊತೆಗೇ
ಹೆಸರು ಬರೆಯುವ ಹಾಳೆಯನ್ನೂ ತಳ್ಳಿದಳು:
ಮರೆವಿನ ಕಾಯಿಲೆಯವರಿಗಾಗಿ ನಡಿಗೆ,
ಮೂರೇ ಮೈಲಿ, ಡಂಕನ್, ಐದು ಪೌಂಡು,
ಕೊನೆಗೆ ಸೂಪು, ಬನ್ನು.
ಮೂವತ್ತೊಂದು ವರ್ಷ ಕೂತೇ ದುಡಿದವನು ನಾನು,
ಡಂಡೀ ಊರಿನ ಇಪ್ಪತ್ತೆರಡನೇ ನಂಬರ್ ಬಸ್ಸು.
ನಡೆಯುವುದೆಂದರೆ ನನಗೆ
ಬಸ್ಸು ತಪ್ಪಿದವರ ಪಾಡು.

ಭಾನುವಾರ. ಟೇ ನದಿಯ ಮಂಜು ಮೇಲೇರಿ
ಗುಡ್ಡದ ಬೀದಿಗಳನ್ನು ಅರ್ಧರ್ಧ ಒರೆಸಿತ್ತು.
ಚರ್ಚಿನ ಹಿತ್ತಿಲಲ್ಲಿ ನಲವತ್ತು ಜನ,
ಎರಡು ನಾಯಿ, ಒಂದು ಗಾಲಿಕುರ್ಚಿ,
ಎಲ್ಲರಿಗೂ ಒಂದೇ ಅಳತೆಯ ನೀಲಿ ಅಂಗಿ.
ಎದೆಯ ಮೇಲೊಂದು ಖಾಲಿ ಚೌಕ:
ಯಾರಿಗಾಗಿ ನಡೆಯುತ್ತಿದ್ದೀರಿ?
ಅಮ್ಮ, ಅಂತ ಒಬ್ಬರು. ಅಜ್ಜ ರಾಬ್, ಅಂತ ಇನ್ನೊಬ್ಬರು.
ಸೂಪಿಗಾಗಿ ಎಂದು ಬರೆಯಬಹುದಿತ್ತು.
ಬರೆಯಲಿಲ್ಲ. ಹಾಗೆಯೇ ಬಿಟ್ಟೆ.
ಕಳೆದ ವಾರ ಕೆಟಲಿನ ಹೆಸರು
ಬಾಯಿಗೆ ಬಾರದೆ, ಅರ್ಧ ಗಂಟೆ
ಅಡುಗೆಮನೆಯಲ್ಲಿ ಅದನ್ನೇ ದಿಟ್ಟಿಸಿದ್ದು
ಯಾರಿಗೂ ಹೇಳಿಲ್ಲ. ಅದಕ್ಕೆ ಚೌಕ ಸಾಲದು.

ಆಂಗಸ್ ಬಂದ, ಇಶ್ಬೆಲ್‌ಳ ಕೈ ಹಿಡಿದುಕೊಂಡು.
ಅವಳನ್ನು ನಾನು ಬಲ್ಲೆ. ಮಾತಾಡಿಲ್ಲ, ಬಲ್ಲೆ.
ಹತ್ತೊಂಬತ್ತು ವರ್ಷ, ಬೆಳಿಗ್ಗೆ ಎಂಟೂ ನಲವತ್ತಕ್ಕೆ
ಕ್ಲೆಪಿಂಗ್ಟನ್ ರಸ್ತೆಯ ಶಾಲೆಯ ಮುಂದೆ
ಹಳದಿ ಕೋಟು, ಉದ್ದ ಕೋಲು, ಕೋಲಿನ ತುದಿಗೆ
ತಟ್ಟೆಯಗಲದ ಆಜ್ಞೆ: ನಿಲ್ಲಿ, ಮಕ್ಕಳು.
ಅವಳು ಕೋಲೆತ್ತಿದರೆ ಹನ್ನೆರಡು ಟನ್ನಿನ ನನ್ನ ಬಸ್ಸು
ಬಾಲ ಮುದುರಿ ಕೂರಬೇಕು.
ಗಾಜಿನ ಈಚೆ ಎಷ್ಟು ಸಲ ಬೈದಿದ್ದೇನೆ,
ಒಂದು ಮಗು ದಾಟಿ, ಆಮೇಲೆ ಇನ್ನೊಂದು,
ಕೈಗವಸು ಬಿದ್ದು, ಅದನ್ನು ಹೆಕ್ಕಲು ಮತ್ತೊಂದು.
ನನ್ನ ವೇಳಾಪಟ್ಟಿಯನ್ನು ಚೂರುಚೂರೇ ತಿಂದವಳು.

"ಸ್ವಲ್ಪ ತೋಳು ಹಿಡಿದಿರುತ್ತೀಯಾ," ಎಂದ ಆಂಗಸ್,
"ಟಾಯ್ಲೆಟ್ಟಿಗೆ ಹೋಗಿ ಬರುತ್ತೇನೆ. ಎರಡು ವರ್ಷವಾಯಿತು
ಒಬ್ಬನೇ ಹೋಗಿ." ನಗಲೆಂದೇ ಹೇಳಿದ. ನಗು ಬರಲಿಲ್ಲ.

ನಡೆದೆವು. ಅವಳ ತೋಳು
ಒಣಹಾಕಿದ ಬಟ್ಟೆಯಷ್ಟು ಹಗುರ.
"ನೀವು ಯಾರ ಕಡೆಯವರು?" ಎಂದಳು.
ಬಸ್ಸಿನ ಕಡೆಯವನು, ಎಂದೆ.
"ಬಸ್ಸು ತಡ," ಎಂದಳು. ಹೌದು, ಎಂದೆ.
ನೂರು ಹೆಜ್ಜೆಗೆ ಮತ್ತೆ: "ನೀವು ಯಾರ ಕಡೆಯವರು?"
ಮತ್ತೆ ಅದೇ ನಿಲ್ದಾಣ. ಇಳಿಯುವವರಿಲ್ಲ, ಹತ್ತುವವರಿಲ್ಲ.
ಆದರೂ ಪ್ರತಿ ಸಲ ಬಾಗಿಲು ತೆರೆದೆ.

ಹಿಂದೆ ಯಾರೋ ಅಂದರು, ಪಾಪ, ಅರಳುಮರಳು.
ಅವಳಿಗೆ ಕೇಳಿಸಿತು. ಕಿವಿ ಏನನ್ನೂ ಮರೆತಿರಲಿಲ್ಲ.

ಕ್ಲೆಪಿಂಗ್ಟನ್ ರಸ್ತೆ.
ಕರ್ಸ್ಟಿ ನಮ್ಮನ್ನು ಸಿಗ್ನಲ್ಲಿನತ್ತ ತಿರುಗಿಸುವಷ್ಟರಲ್ಲಿ
ನನ್ನ ಕೈಯಿಂದ ತೋಳು ಜಾರಿತು.
ಅವಳು ರಸ್ತೆಯ ನಟ್ಟನಡುವೆ,
ಬಲಗೈಯಲ್ಲಿ ಇಲ್ಲದ ಕೋಲು ಊರಿ,
ಎಡಗೈ ಪೂರ್ತಿ ಚಾಚಿ.
ಮಂಜಿನೊಳಗಿಂದ ಬಂದ ಇಪ್ಪತ್ತೆರಡನೇ ನಂಬರ್
ಉಸಿರು ಬಿಟ್ಟು ನಿಂತಿತು.
ಚಾಲಕ ಎಳೆಯ ಹುಡುಗ. ಅವನ ತುಟಿ ಆಡಿತು.
ಏನೆಂದನೆಂದು ನನಗೆ ಗೊತ್ತು, ಪದಪದವೂ.

"ಬನ್ನಿ," ಎಂದಳು. ದನಿಯಲ್ಲಿ ಒಂದು ಸುಕ್ಕಿಲ್ಲ.
ನಾಯಿ, ಗಾಲಿಕುರ್ಚಿ, ನಾವೆಲ್ಲ ದಾಟಿದೆವು,
ಬೆಳೆದವರು, ಬೋಳಾದವರು, ತಲೆ ತಗ್ಗಿಸಿ, ಸಾಲಾಗಿ.
ಆಂಗಸ್ ಏದುತ್ತ ಓಡಿಬಂದ: ಮುಗಿಯಿತು, ಬಾ ಚಿನ್ನ.
ಅವಳು ಕದಲಲಿಲ್ಲ. ಬೆರಳು ಮಡಚಿ ಎಣಿಸಿದಳು.
"ಒಂದು ಕಮ್ಮಿ. ಇನ್ನೊಂದು ಮಗು ಬರಬೇಕು."
ಹಾರನ್ ಒಂದು. ಹಾರನ್ ಎರಡು.

ನಾನು ವಾಪಸು ಹೋದೆ, ಬಸ್ಸಿನ ಮೂತಿಯ ಮುಂದೆ ಹಾದು,
ಆಚೆ ಬದಿಯ ಕಲ್ಲಂಚಿನ ಮೇಲೆ ನಿಂತೆ,
ಅರವತ್ತೆಂಟು ವರ್ಷ, ಎದೆಯ ಮೇಲೆ ಖಾಲಿ ಚೌಕ.
ಅವಳು ನೋಡಿದಳು. ಕೈ ಬೀಸಿ ಕರೆದಳು.
"ಓಡಬೇಡ," ಎಂದಳು. "ಲೇಸು ಬಿಚ್ಚಿದೆ, ನೋಡು."

ಬಗ್ಗಿ ನೋಡಿದೆ. ಬಿಚ್ಚಿತ್ತು.