ಎರಡು ಹುಕ್ಕು

ಸುಂಟರಗಾಳಿ ಝುವಾರಿ ನದಿ ದಾಟೂದಿಲ್ಲ ಅಂತಿದ್ದ ಇನಾಸ್,
ನೀರು ಕಂಡರ ಅದರ ಕಾಲು ಜಾರತಾವಂತ.
ಗುಡ್ಡದ ಶಿಲುಬಿ ತಡೀತೈತಿ ಅಂದಾಂವ ಒಬ್ಬ,
ಬಂದರದ ಕ್ರೇನು ಅದರ ಹೊಟ್ಟಿ ಹರೀತಾವ ಅಂದಾಂವ ಇನ್ನೊಬ್ಬ.
ಹಿಂಗ ಬೈನಾದ ಚಹಾದಂಗಡ್ಯಾಗ
ದಿನಕ್ಕೊಂದು ಗ್ವಾಡಿ ಕಟ್ಟತಿದ್ರು ಗಾಳಿಗೆ.

ಹುಲಿಗೆವ್ವನ ಮಾತು ಬ್ಯಾರೆ.
ಅದು ಗಾಳಿ ಅಲ್ಲೋ, ಹೊಟ್ಟಿ ತುಂಬದ ಸತ್ತವರು.
ಮೂರು ಸಲ ಥೂ ಅಂತ ಉಗುಳಬೇಕು,
ಎಡಗಾಲ ಚಪ್ಪಲಿ ಬೋರಲ ಹಾಕಬೇಕು.
ಊರ ಯರಿಹೊಲದಾಗ, ಬ್ಯಾಸಗಿ ಮಧ್ಯಾಹ್ನ
ಧೂಳಿನ ಸುಳಿ ಎದ್ದಾಗೆಲ್ಲಾ ಹಂಗ ಮಾಡಿ
ಒಂದೂ ಸಲ ಸೋತಿಲ್ಲ ಆಕಿ.

ನಾನು ಮೌಲಾಸಾಬ, ಪತ್ರಾಸ ಹೊದಿಸಾಂವ.
ದೆವ್ವದ ಲೆಕ್ಕ ನನಗ ಬರೂದಿಲ್ಲ.
ಹುಕ್ಕಿನ ಲೆಕ್ಕ ಬರತೈತಿ.

ಮೇ ತಿಂಗಳ ಕಡೀಕ, ಸಂಜಿ ನಾಕಕ್ಕ
ಸಮುದ್ರದ ಮ್ಯಾಲ ಒಂದು ಕರೀ ಸೊಂಡಿ ಇಳೀತು.
ನಿಂತೈತಿ, ಬರೂದಿಲ್ಲ ಅಂದ್ರು ಎಲ್ಲಾರೂ.
ನೆಟ್ಟಗ ನಮ್ಮ ಕಡೀಗೆ ಬರೂ ಮುಂದ
ನಿಂತಂಗ ಕಾಣತೈತಿ ಅಂತ ಆಮ್ಯಾಲ ತಿಳೀತು.
ಕಿಟಕಿ ತೆಗೀರಿ, ಒಳಗಿನ ಗಾಳಿ ಹೊರಗ ಹೋಗ್ಲಿ ಅಂತ
ಯಾರೋ ಒದರಿದ್ರು.
ತೆಗದ್ವಿ. ಹೊರಗಿಂದು ಒಳಗ ಬಂತು, ಮರಳು ಸಮೇತ.

ಮೂರು ನಿಮಿಷ. ಇಲ್ಲಾ, ಅಷ್ಟೂ ಇಲ್ಲ.
ಬಾಗಿಲದಾಗ ನಿಂತು ಉಗುಳಿದ್ಲು ಹುಲಿಗೆವ್ವ,
ಉಗುಳು ತಿರುಗಿ ಆಕಿ ಮಾರಿಗೇ ಬಂತು.
ಚಪ್ಪಲಿ ಬೋರಲ ಇತ್ತು.
ಪತ್ರಾಸೂ ಬೋರಲ, ರೈಲಿನ ಹಳಿ ಆಚೆ,
ಬಾಳಿಹಣ್ಣಿನ ಸಿಪ್ಪಿ ಹಂಗ ಸುರುಳಿ ಸುತ್ತಿ.
ಬಾಜೂಕ ಇನಾಸನ ಅಂಗಡ್ಯಾಗ
ಮೂವತ್ತು ತತ್ತಿಯ ಟ್ರೇ. ಒಂದೂ ಒಡದಿಲ್ಲ.

ಮರುದಿನ ಚಹಾದಂಗಡ್ಯಾಗ ಹೊಸಾ ಮಾತು:
ಪಾಪ ಇದ್ದಲ್ಲೇ ಬಡೀತೈತಿ ಗಾಳಿ.
ಗಂಡನ್ನ ಬಿಟ್ಟು ಬಂದಾಕಿ ಅಲ್ಲೇನು,
ಅಮಾಸಿ ದಿನಾನೂ ಮೀನ ಮಾರತಾಳ.
ಹುಲಿಗೆವ್ವನೂ ಹೌದಂತ ತಲಿ ಆಡಿಸಿದ್ಲು,
ಇವೆರಡರಾಗ ಯಾವುದು ಇರಬಹುದಂತ ಲೆಕ್ಕ ಹಾಕಿಕೋತ.

ನಾನು ಚಹಾ ಆರಿಸಿಕೋತ ಕುಂತೆ.
ಇನಾಸನ ಒಂದೊಂದು ಪತ್ರಾಸಿಗೆ ಆರು ಜೆ-ಹುಕ್ಕು, ರಬ್ಬರಿನ ವಾಶರು.
ಆಕಿಯವಕ್ಕ ಎರಡು.
ಮ್ಯಾಲ ನಾಕು ಕಲ್ಲು, ಒಂದು ಹಳೀ ಸ್ಕೂಟರ್ ಟೈರು.
ಆಕಿ ಆರರ ರೊಕ್ಕಾನೇ ಕೊಟ್ಟಿದ್ಲು.
ಉಳದ ಹುಕ್ಕು ಇನ್ನೂ ನನ್ನ ಚೀಲದಾಗ ಅದಾವ,
ನಡದ್ರ ಸಪ್ಪಳ ಮಾಡತಾವ.

ಇವತ್ತು ಏಣಿ ಹೊತ್ತು ಹೋದೆ. ಕೂಲಿ ಬ್ಯಾಡ ಅಂದೆ.
ಕೆಳಗ ನಿಂತು ಕೇಳಿದ್ಲು:
ಮೌಲಾ, ಈ ಸಲ ನಿಂಬಿಹಣ್ಣು ಕಟ್ಟಲೇನು ತೊಲಿಗೆ?
ಕಟ್ಟವಾ ಅಂದೆ,
ಬಾಯಾಗ ಹಿಡದ ಹುಕ್ಕು ಒಂದೊಂದಾಗಿ ತಗೋತ.