ನಡುವಿನ ಸೀಟು

ಔರಾದದ ಡಿಗ್ರಿ ಕಾಲೇಜಿನ ಯುರೋಪಿನಲ್ಲಿ
ಇನ್ನೂ ಎರಡು ಜರ್ಮನಿ.
ನಕಾಶೆ ಹಳೆಯದು, ಮಡಿಕೆಯಲ್ಲಿ ಹರಿದದ್ದು.
ಜವಾನ ಧೂಳಪ್ಪ ಹಚ್ಚಿದ ಕಂದು ಟೇಪು
ಡೆನ್ಮಾರ್ಕಿನಿಂದ ಸಿಸಿಲಿಯ ತನಕ
ಯಾವ ಗಡಿಯಲ್ಲೂ ನಿಲ್ಲದೆ, ಯಾರನ್ನೂ ಕೇಳದೆ
ನೆಟ್ಟಗೆ ಇಳಿದಿದೆ.

ಇವತ್ತಿನ ಪಾಠ: ನಡುಪಂಥದ ಪಕ್ಷಗಳು.
ಎಡಕ್ಕೂ ಬಲಕ್ಕೂ ಪೂರ್ತಿ ವಾಲದವರು,
ದೇಶಕ್ಕೊಂದು ಹೆಸರು, ದೇಶಕ್ಕೊಂದು ಬಣ್ಣ ಇಟ್ಟುಕೊಂಡೇ
ದೊಡ್ಡ ಸಂಸತ್ತಿನಲ್ಲಿ ಒಂದೇ ಸಾಲಿಗೆ ಕೂರುವವರು.
ಯುರೋಪು ಇನ್ನಷ್ಟು ಕೂಡಬೇಕು ಅನ್ನುವವರು,
ಕೂಡುವ ಮೊದಲು ಹಾಲಿನ ದರಕ್ಕೆ, ಮೀನಿನ ಅಳತೆಗೆ
ನಡುರಾತ್ರಿಯವರೆಗೂ ತಕರಾರು ತೆಗೆಯುವವರು.
ಒಬ್ಬನ ಮಾತು ಇನ್ನೊಬ್ಬಳ ಕಿವಿಗೆ ಮುಟ್ಟುವುದು
ಗಾಜಿನ ಗೂಡಿನಲ್ಲಿ ಕೂತ ಮೂರನೆಯವರ ಬಾಯಿಂದ.
ಅವರ ಘೋಷಣೆಗೆ ಪ್ರಾಸವಿಲ್ಲ,
ಬೀದಿಯಲ್ಲಿ ಕೂಗಲು ಬರುವುದಿಲ್ಲ.

ಜ್ಞಾನೋಬಾ ಕೈ ಎತ್ತಿದ, ಏಕಂಬಾದ ಹುಡುಗ:
"ಮೇಡಂ, ಮೂರು ಮಂದಿ ಸೀಟಿನ್ಯಾಗ ನಡುವ ಕುಂತಾಂವಗ
ಕಿಟಕಿನೂ ಇಲ್ಲ, ಕಾಲು ಚಾಚಲಿಕ್ಕ ಜಾಗಾನೂ ಇಲ್ಲ.
ಅವಗ ಯಾರು ವೋಟ್ ಹಾಕ್ತಾರ್ರಿ?"
ತರಗತಿ ನಕ್ಕಿತು. ನಾನೂ.
ತಾಸಿಗಿಷ್ಟು ಎಂದು ಪಗಾರ ಎಣಿಸುವ ಅತಿಥಿ ಉಪನ್ಯಾಸಕಿಗೆ
ಇಷ್ಟು ಚಂದದ ಪ್ರಶ್ನೆ ಸಿಕ್ಕು ವರ್ಷವಾಗಿತ್ತು.

ಉತ್ತರ ಹೊಳೆಯದೆ ಕೆಲಸ ಕೊಟ್ಟೆ.
ನೀವೇ ಮೂರು ಪಕ್ಷ ಅಂದುಕೊಳ್ಳಿ:
ಒಂದು ಉದಗೀರಿನದು, ಒಂದು ನಾರಾಯಣಖೇಡದ್ದು, ಒಂದು ಇಲ್ಲಿಯದು.
ಮಾಂಜ್ರಾ ನದಿಯ ಮೇಲೆ ಜಂಟಿ ಹೇಳಿಕೆ ಬರೆಯಿರಿ,
ಹತ್ತು ಸಾಲು ಸಾಕು.

ಮೊದಲ ಪದವನ್ನೇ ದಾಟಲಿಲ್ಲ.
"ನಾವು" ಎಂದು ಬರೆದಳು ತಬಸ್ಸುಮ್.
"ಯಾವ ನಾವು?" ಅಂದ ಜ್ಞಾನೋಬಾ,
"ಆಮ್ಹಿ ಅಂದ್ರ ನೀ ಹೊರಗ. ಆಪಣ ಅಂದ್ರ ನೀನೂ ಒಳಗ."
ಯಾದಮ್ಮ ತಲೆಯಾಡಿಸಿದಳು, ಅವಳ ಮನೆಯ ತೆಲುಗಿನಲ್ಲೂ
ಮೇಮು ಬೇರೆ, ಮನಂ ಬೇರೆ.
ಮೂವರೂ ನನ್ನ ಕಡೆ ನೋಡಿದರು,
ಕನ್ನಡಕ್ಕೆ ನಾನೇ ಜಾಮೀನು ನಿಂತವಳಂತೆ.

ನಮ್ಮಲ್ಲಿ ಇರುವುದು ಒಂದೇ ನಾವು.
ಅದರ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ
ಹೇಳುವವರ ಮುಖ ನೋಡಿಯೇ ತಿಳಿಯಬೇಕು.
ಇದು ಬಡತನವೋ ಧಾರಾಳವೋ
ನನಗೂ ಗೊತ್ತಿಲ್ಲ ಅಂದೆ.

ಅಜ್ಜನ ಸಂಗತಿ ಹೇಳಲಿಲ್ಲ.
ಐವತ್ತಾರರಲ್ಲಿ ಬೀದರ ಜಿಲ್ಲೆ ಮೂರು ಪಾಲಾದಾಗ
ಕಚೇರಿಯಲ್ಲಿ ಪೇಶ್ಕಾರ ಅವನು.
ಉರ್ದು ಕಡತಗಳನ್ನೆಲ್ಲ ನೆಲದ ಮೇಲೆ ಹರವಿ
ಮೂರು ಗಂಟು ಕಟ್ಟಿದ, ಮೂರು ರಾಜ್ಯಕ್ಕೆ.
ಒಂದು ಮಾತ್ರ ಯಾವ ಗಂಟಿಗೂ ಸೇರಲಿಲ್ಲ:
ಮೂರು ಊರಿನ ಎಮ್ಮೆಗಳು ಹಾಯುವ
ಒಂದು ದಾರಿಯ ತಂಟೆ.
ಊರುಗಳು ಒಂದೊಂದು ಕಡೆ ಹೋಗಿದ್ದವು.
ದಾರಿ ಎಲ್ಲಿಗೆ ಹೋಗಬೇಕು?
ಕಂಕುಳಲ್ಲಿಟ್ಟು ಮನೆಗೆ ತಂದ.
ಸಂದೂಕಿನ ತಳದಲ್ಲಿ ಈಗಲೂ ಇದೆ,
ತೀರ್ಪು ಬರೆಯುವ ಜಾಗ ಖಾಲಿ.
ಅಜ್ಜಿ ಅದರ ಮೇಲೆ ನುಸಿಗುಳಿಗೆ ಇಡುತ್ತಿದ್ದಳು.

ಗಂಟೆ ಹೊಡೆಯುವ ಮೊದಲೇ ಬಸ್ಸಿನ ಹಾರನ್ನು,
ಯಾದಮ್ಮ ಚಪ್ಪಲಿ ಕೈಯಲ್ಲಿ ಹಿಡಿದೇ ಓಡಿದಳು.
ಹೇಳಿಕೆಯ ಹಾಳೆಯಲ್ಲಿ ಒಂದು ಪದ,
ಅದರ ಮೇಲೆ ಮೂರು ಬಣ್ಣದ ಗೀಟು,
ಕೆಳಗೆ ಯಾರದೋ ವಾರೆ ಅಕ್ಷರ:
ನಾಳಿ ನೋಡೋಣ.

ಸಂಜೆ ಬೀದರ ಬಸ್ಸಿನಲ್ಲಿ
ನನಗೆ ಸಿಕ್ಕಿದ್ದು ನಡುವಿನದೇ.
ಎಡಕ್ಕೆ ತೊಗರಿ ಚೀಲದ ಮುದುಕಿ,
ಅರ್ಧ ಚೀಲ ನನ್ನ ಮಡಿಲಲ್ಲಿ.
ಬಲಕ್ಕೆ ಕಿಟಕಿ, ಕಿಟಕಿಗೆ ಒಬ್ಬ ಹುಡುಗ,
ಅವನ ಕೈಯಲ್ಲಿ ಕಾಲು ಕಟ್ಟಿದ ಕೋಳಿ.
ನಾನು ಕೇಳಿರಲಿಲ್ಲ, ಆದರೂ ಅವನು
ಹೊರಗಿನದನ್ನು ಹೇಳುತ್ತಲೇ ಬಂದ:
ಟ್ರ್ಯಾಕ್ಟರ್ ಕೆಟ್ಟು ನಿಂತದ, ಕಬ್ಬು ಕಡೀಲಿಕ್ಕ ಹತ್ಯಾರ,
ನವಿಲು, ಅಲ್ಲ, ಬರೀ ಹೆಣ್ಣ ನವಿಲು,
ಸಂತಪೂರ ಬಂತ್ರಿ.

ನಾನು ಅಲ್ಲಿ ಇಳಿಯುವವಳಲ್ಲ.
ಚೀಲ ಎತ್ತಿಕೊಂಡು ಚೂರು ಸರಿದೆ,
ಯಾರೋ ಹತ್ತುತ್ತಿದ್ದರು.